ಸೇವೆಗೂ ಮೊದಲೇ ಭಕ್ಷೀಸು: ಟಿಪ್ಸ್ ವಿವಾದವೂ ಪರಶುರಾಮನ್ ಅವರ ಅಳತೆಗೋಲೂ

ಮಳೆ ಹಿಡಿದ ಸಂಜೆ ಮೆಜೆಸ್ಟಿಕ್ ಬಸ್ ನಿಲ್ದಾಣದ ಹೊರಗೆ ಆಟೊ ಬುಕ್ ಮಾಡಲು ನಿಂತವರ ಮೊಬೈಲ್ ಪರದೆಯ ಮೇಲೆ ಎರಡು ಸಂಗತಿಗಳು ಒಟ್ಟಿಗೆ ಕಾಣುತ್ತವೆ. ಮೇಲ್ಗಡೆ ಸವಾರಿಯ ದರ, ಕೆಳಗಡೆ ಅದಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಸೇರಿಸಲು ಗುಂಡಿಗಳು. ಗುಂಡಿ ಒತ್ತದಿದ್ದರೆ ಚಾಲಕರನ್ನು ಹುಡುಕುತ್ತಿದ್ದೇವೆ ಎಂಬ ಸಾಲು ಕದಲದೆ ಅಲ್ಲೇ ನಿಂತಿರುತ್ತದೆ. ಒತ್ತಿದರೆ ಆಟೊ ಸಿಗುವ ಸಾಧ್ಯತೆ ಹೆಚ್ಚು. ಸವಾರಿ ಇನ್ನೂ ಶುರುವಾಗಿಲ್ಲ, ಚಾಲಕ ಯಾರೆಂದೇ ತಿಳಿದಿಲ್ಲ, ಆದರೂ ಆ ಹೆಚ್ಚುವರಿ ಮೊತ್ತಕ್ಕೆ ಆ್ಯಪ್ ಇಟ್ಟಿರುವ ಹೆಸರು ಟಿಪ್ಸ್.

2025ರ ಮೇ 21ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರೂ ಧಾರವಾಡದ ಸಂಸದರೂ ಆದ ಪ್ರಲ್ಹಾದ ಜೋಶಿ ಅವರು, ಈ ಪದ್ಧತಿಯ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಉಬರ್ ಕಂಪನಿಗೆ ನೋಟಿಸ್ ನೀಡಿದೆ ಎಂದು ಪ್ರಕಟಿಸಿದರು. ಬೇಗ ಸೇವೆ ಬೇಕಿದ್ದರೆ ಮುಂಗಡವಾಗಿ ಟಿಪ್ಸ್ ಕೊಡಿ ಎಂದು ಗ್ರಾಹಕರನ್ನು ಒತ್ತಾಯಿಸುವುದು ಅನೈತಿಕ ಮತ್ತು ಶೋಷಣೆ, ಟಿಪ್ಸ್ ಎಂಬುದು ಸೇವೆ ಮುಗಿದ ಬಳಿಕ ಮೆಚ್ಚಿ ಕೊಡುವಂಥದ್ದು ಎಂಬುದು ಅವರ ನಿಲುವಾಗಿತ್ತು. ಬೆಂಗಳೂರಿನಲ್ಲೇ ಹುಟ್ಟಿದ ‘ನಮ್ಮ ಯಾತ್ರಿ’ಯೂ ಸೇರಿದಂತೆ ಬೇರೆ ಆ್ಯಪ್‌ಗಳಲ್ಲಿ ಈ ಏರ್ಪಾಡು ಅದಕ್ಕೆ ಮೊದಲೇ ಇತ್ತು. ನೋಟಿಸಿಗೆ ಎರಡು ತಿಂಗಳ ಮುಂಚೆ, ಮಾರ್ಚ್ 28ರಂದು, ಹೋಟೆಲ್‌ಗಳು ಬಿಲ್ಲಿಗೆ ತಾವೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಎಂಬ ಪ್ರಾಧಿಕಾರದ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ ಎತ್ತಿಹಿಡಿದಿತ್ತು. ಇಷ್ಟರವರೆಗೆ ದಾರಿ ನೇರವಾಗಿಯೇ ಇದೆ. ಆದರೆ ಜುಲೈ ಒಂದರಂದು ಕೇಂದ್ರ ಸಾರಿಗೆ ಸಚಿವಾಲಯವು ಅಗ್ರಿಗೇಟರ್‌ಗಳಿಗೆ, ಅಂದರೆ ಆ್ಯಪ್ ಮೂಲಕ ವಾಹನ ಒದಗಿಸುವ ಕಂಪನಿಗಳಿಗೆ, ಹೊರಡಿಸಿದ ಹೊಸ ಮಾರ್ಗಸೂಚಿಯು, ಬೇಡಿಕೆ ಹೆಚ್ಚಿದಾಗ ಮೂಲದರದ ಎರಡು ಪಟ್ಟಿನವರೆಗೆ ವಸೂಲು ಮಾಡಲು ಆ್ಯಪ್‌ಗಳಿಗೆ ಅವಕಾಶ ಕೊಟ್ಟಿತು. ವರ್ಷದ ಕೊನೆಗೆ ಅದೇ ಮಾರ್ಗಸೂಚಿಗೆ ತಿದ್ದುಪಡಿ ತಂದು, ಟಿಪ್ಸ್ ಕೇಳುವುದಾದರೆ ಸವಾರಿ ಮುಗಿದ ಮೇಲೆಯೇ ಕೇಳಬೇಕು ಎಂದು ಹೇಳಲಾಯಿತು.

ಸಾಮಾನ್ಯ ಓದುಗನ ತಲೆ ಸುತ್ತುವುದು ಇಲ್ಲಿಯೇ. ನೂರು ರೂಪಾಯಿಯ ಸವಾರಿಗೆ ಇನ್ನೂರು ಕೊಡುವುದು ಕ್ರಮಬದ್ಧ, ಅದೇ ಸವಾರಿಗೆ ಇಪ್ಪತ್ತು ರೂಪಾಯಿ ಮುಂಗಡ ಟಿಪ್ಸ್ ಕೊಡುವುದು ಶೋಷಣೆ ಎಂದರೆ ಅದರ ಅರ್ಥವೇನು? ಈ ಪ್ರಶ್ನೆಗೆ ಕಾನೂನಿನ ಭಾಷೆಯಲ್ಲಿ ಸಿಗುವ ಉತ್ತರ ಅರೆಬರೆ. ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾಲ್ಕು ದಶಕಗಳ ಹಿಂದೆಯೇ, ಆ್ಯಪ್‌ಗಳ ಕಲ್ಪನೆಯೂ ಇಲ್ಲದ ಕಾಲದಲ್ಲಿ, ಸೇವೆಯ ಗುಣಮಟ್ಟವನ್ನು ಅಳೆಯಲು ಹೊರಟ ಭಾರತೀಯ ಮೂಲದ ವಿದ್ವಾಂಸರೊಬ್ಬರ ಕೆಲಸದಲ್ಲಿ ಕಾಣಬಹುದು. ಅವರ ಹೆಸರು ಎ. ಪರಶುರಾಮನ್. ಸೇವಾ ಮಾರ್ಕೆಟಿಂಗ್ ಎಂಬ ಅಧ್ಯಯನ ಶಾಖೆಯನ್ನು ಕಟ್ಟಿದವರಲ್ಲಿ ಅವರು ಮೊದಲ ಸಾಲಿನವರು.

ಬಾಡಿಗೆ, ಭಕ್ಷೀಸು, ಮಾಮೂಲು

ಕನ್ನಡದ ಆಡುಮಾತಿನಲ್ಲಿ ಈ ಮೂರಕ್ಕೂ ಬೇರೆಬೇರೆ ಜಾಗವಿದೆ. ಬಾಡಿಗೆ ಎಂದರೆ ಮೊದಲೇ ಗೊತ್ತಿರುವ, ಕೊಡಲೇಬೇಕಾದ ಹಣ. ಭಕ್ಷೀಸು ಎಂದರೆ ಕೆಲಸ ಮುಗಿದ ಮೇಲೆ ಖುಷಿಯಾಗಿ ಕೈಯಲ್ಲಿಡುವ ಹಣ. ಅದಕ್ಕೇ ಕೆಲವು ಕಡೆ ಅದನ್ನು ‘ಖುಷಿ’ ಎಂದೇ ಕರೆಯುತ್ತಾರೆ. ಮಾಮೂಲು ಎಂದರೆ ನ್ಯಾಯವಾಗಿ ಆಗಬೇಕಾದ ಕೆಲಸವನ್ನೇ ಆಗಿಸಿಕೊಳ್ಳಲು ಮೊದಲೇ ಕೊಡುವ ಹಣ. ಮೊತ್ತ ಮೂರರಲ್ಲೂ ಇಪ್ಪತ್ತೇ ರೂಪಾಯಿ ಇರಬಹುದು. ಯಾವಾಗ ಕೊಡುತ್ತೇವೆ ಮತ್ತು ಯಾತಕ್ಕಾಗಿ ಕೊಡುತ್ತೇವೆ ಎಂಬ ಎರಡು ಸಂಗತಿಗಳು ಅದಕ್ಕೆ ಹೆಸರು ಕೊಡುತ್ತವೆ.

ಮುಂಗಡ ಟಿಪ್ಸ್ ಗಲಿಬಿಲಿ ಹುಟ್ಟಿಸುವುದು ಅದು ಈ ಮೂರು ಗೂಡುಗಳಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದೆ ಇರುವುದರಿಂದ. ಹೆಸರು ಭಕ್ಷೀಸಿನದು, ಕೊಡುವ ಹೊತ್ತು ಮಾಮೂಲಿನದು, ಮಾಡುವ ಕೆಲಸ ಬಾಡಿಗೆ ಏರಿಸುವುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ, ಸೇವೆ ಹೇಗಿರುತ್ತದೆಂದು ತಿಳಿಯುವ ಮೊದಲೇ ಅದನ್ನು ಮೆಚ್ಚಿದ್ದಕ್ಕೆ ಹಣ ಕೊಡಬೇಕಾಗುತ್ತದೆ. ಕೊಡುವ ಮೊತ್ತ ಚಿಕ್ಕದಾದರೂ ಕೊಟ್ಟವರಿಗೆ ಯಾಕೆ ಕಸಿವಿಸಿಯಾಗುತ್ತದೆ ಎಂಬುದನ್ನು ಅರಿಯಬೇಕಿದ್ದರೆ, ಜನ ಸೇವೆಯನ್ನು ಹೇಗೆ ತೂಗಿ ನೋಡುತ್ತಾರೆ ಎಂಬ ಪ್ರಶ್ನೆಗೆ ಹೋಗಬೇಕು. ಪರಶುರಾಮನ್ ಅವರ ವೃತ್ತಿಜೀವನದ ಬಹುಪಾಲು ಈ ಒಂದು ಪ್ರಶ್ನೆಗೇ ಮೀಸಲಾಗಿತ್ತು.

ಸೋಪಿನ ಪಾಠ ಬ್ಯಾಂಕಿಗೆ ಹೊಂದದ ಕಾಲ

1970ರ ದಶಕದವರೆಗೆ ಮಾರ್ಕೆಟಿಂಗ್ ಶಾಸ್ತ್ರವೆಂದರೆ ಹೆಚ್ಚುಕಡಿಮೆ ಸರಕು ಮಾರುವ ಶಾಸ್ತ್ರವೇ ಆಗಿತ್ತು. ಸೋಪು, ಕಾರು, ಟೂತ್‌ಪೇಸ್ಟುಗಳಿಗೆ ಕಟ್ಟಿದ ಪಾಠಗಳನ್ನು ಬ್ಯಾಂಕ್, ಆಸ್ಪತ್ರೆ, ವಿಮಾನಯಾನಕ್ಕೂ ಹಾಗೆಯೇ ಹಚ್ಚಲಾಗುತ್ತಿತ್ತು. 1977ರಲ್ಲಿ, ಸಿಟಿಬ್ಯಾಂಕಿನ ಉಪಾಧ್ಯಕ್ಷೆಯಾಗಿದ್ದ ಜಿ. ಲಿನ್ ಶೋಸ್ಟ್ಯಾಕ್ ಅವರು ಜರ್ನಲ್ ಆಫ್ ಮಾರ್ಕೆಟಿಂಗ್ ಪತ್ರಿಕೆಯಲ್ಲಿ ಈ ಪಾಠಗಳು ತಮ್ಮಂಥವರ ಕೆಲಸಕ್ಕೆ ಬರುವುದಿಲ್ಲವೆಂದು ನೇರವಾಗಿ ಬರೆದರು. ವಿಶ್ವವಿದ್ಯಾಲಯದ ಹೊರಗಿನಿಂದ ಬಂದ ಆ ಪೆಟ್ಟು ಒಳಗಿನವರನ್ನು ಎಚ್ಚರಿಸಿತು. 1978ರಲ್ಲಿ ಅಮೆರಿಕದ ವಿಮಾನಯಾನ ಕ್ಷೇತ್ರದ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲಗೊಂಡಿತು, ಹಿಂದೆಯೇ ಬ್ಯಾಂಕಿಂಗ್ ಕ್ಷೇತ್ರದ್ದೂ ಸಡಿಲಗೊಂಡಿತು. ದರವನ್ನು ಸರ್ಕಾರವೇ ಗೊತ್ತುಮಾಡುತ್ತಿದ್ದಾಗ ಸೇವೆ ಹೇಗಿದ್ದರೂ ನಡೆಯುತ್ತಿತ್ತು. ಸ್ಪರ್ಧೆ ಶುರುವಾದ ಮೇಲೆ ಗ್ರಾಹಕ ಯಾಕೆ ಬರುತ್ತಾನೆ, ಯಾಕೆ ಬಿಟ್ಟುಹೋಗುತ್ತಾನೆ ಎಂದು ತಿಳಿಯುವುದು ಕಂಪನಿಗಳಿಗೆ ಅನಿವಾರ್ಯವಾಯಿತು. 1981ರಲ್ಲಿ ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್ ಸೇವೆಗಳಿಗೆಂದೇ ತನ್ನ ಮೊದಲ ವಿಶೇಷ ಸಮ್ಮೇಳನವನ್ನು ಫ್ಲಾರಿಡಾದ ಒರ್ಲಾಂಡೊದಲ್ಲಿ ನಡೆಸಿತು.

ಸೇವೆ ಸರಕಿಗಿಂತ ಹೇಗೆ ಬೇರೆ ಎಂಬುದಕ್ಕೆ ಆ ಕಾಲದ ವಿದ್ವಾಂಸರು ನಾಲ್ಕು ಲಕ್ಷಣಗಳನ್ನು ಹೇಳುತ್ತಿದ್ದರು. ಅದನ್ನು ಮುಟ್ಟಿ ನೋಡಲಾಗದು, ಕೊಡುವವನನ್ನೂ ಪಡೆಯುವವನನ್ನೂ ಅದರಿಂದ ಬೇರ್ಪಡಿಸಲಾಗದು, ಒಂದು ಸಲ ಇದ್ದಂತೆ ಇನ್ನೊಂದು ಸಲ ಇರದು, ಉಗ್ರಾಣದಲ್ಲಿ ಕೂಡಿಡಲಾಗದು. ಆಟೊ ಸವಾರಿಯನ್ನೇ ನೋಡಿ. ಖಾಲಿ ನಿಂತ ಆಟೊದ ಮಧ್ಯಾಹ್ನದ ಒಂದು ಗಂಟೆಯನ್ನು ಸಂಜೆಯ ಮಳೆಗೆಂದು ಎತ್ತಿಡಲು ಬರುವುದಿಲ್ಲ. ಬೇಡಿಕೆ ಏರಿದಾಗ ದರ ಏರಿಸಬೇಕೆಂಬ ವಾದ ಹುಟ್ಟುವುದು ಈ ಕೊನೆಯ ಲಕ್ಷಣದಿಂದ. ಹಣ ಕೊಡುವ ಮೊದಲು ಗುಣಮಟ್ಟ ತಿಳಿಯದೆ ಇರುವುದು ಮೊದಲ ಲಕ್ಷಣದ ಪರಿಣಾಮ. ಟಿಪ್ಸ್ ವಿವಾದದಲ್ಲಿ ಇವೆರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿವೆ.

ಟೆಕ್ಸಾಸಿನ ಮೂವರು

ಪರಶುರಾಮನ್ ಭಾರತದಲ್ಲಿ 1970ರಲ್ಲಿ ತಂತ್ರಜ್ಞಾನ ಪದವಿಯನ್ನೂ 1972ರಲ್ಲಿ ಆಡಳಿತ ನಿರ್ವಹಣೆಯ ಸ್ನಾತಕೋತ್ತರ ಪದವಿಯನ್ನೂ ಮುಗಿಸಿ ಅಮೆರಿಕಕ್ಕೆ ಹೋದವರು. 1975ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಎಂಜಿನಿಯರಿಂಗ್ ಓದಿದವರು ಮಾರ್ಕೆಟಿಂಗಿಗೆ ಬಂದದ್ದು ಅವರ ಕೆಲಸದ ರೀತಿಯಲ್ಲಿ ಎದ್ದು ಕಾಣುತ್ತದೆ. ಗುಣಮಟ್ಟವೆಂಬುದು ಅಳೆಯಲಾಗದ ಭಾವನೆ ಎಂದು ಕೈಬಿಡದೆ, ಅದರ ಅಂಗಾಂಗಗಳನ್ನು ಬಿಡಿಸಿ ಒಂದೊಂದನ್ನೂ ಅಂಕಿಗೆ ಇಳಿಸುವ ಹಟ ಅವರಲ್ಲಿತ್ತು.

ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಅವರಿಗೆ ಇಬ್ಬರು ಜೊತೆಗಾರರು ಸಿಕ್ಕರು. ಒಬ್ಬರು ವ್ಯಾಲರಿ ಝೈಥಮಲ್, ಇನ್ನೊಬ್ಬರು ಲಿಯೊನಾರ್ಡ್ ಬೆರ್ರಿ. ಗ್ರಾಹಕನನ್ನು ಒಮ್ಮೆ ಗೆಲ್ಲುವುದಕ್ಕಿಂತ ಉಳಿಸಿಕೊಳ್ಳುವುದು ಮುಖ್ಯವೆಂಬ ಅರ್ಥದಲ್ಲಿ ‘ರಿಲೇಷನ್‌ಶಿಪ್ ಮಾರ್ಕೆಟಿಂಗ್’ ಎಂಬ ಪದವನ್ನು 1983ರಲ್ಲಿ ಈ ಶಾಸ್ತ್ರಕ್ಕೆ ತಂದವರು ಬೆರ್ರಿ. ಮೂವರ ಹೆಸರೂ ಒಟ್ಟಿಗೆ ಎಷ್ಟು ಸಲ ಅಚ್ಚಾಯಿತೆಂದರೆ, ಈ ಶಾಸ್ತ್ರದ ವಿದ್ಯಾರ್ಥಿಗಳಿಗೆ ಅದು ಒಂದೇ ಹೆಸರಿನಂತೆ ಬಾಯಿಗೆ ಬರುತ್ತದೆ.

ಮಾರ್ಕೆಟಿಂಗ್ ಸೈನ್ಸ್ ಇನ್‌ಸ್ಟಿಟ್ಯೂಟಿನ ಬೆಂಬಲದಿಂದ ಅವರು ಕೈಗೊಂಡ ಮೊದಲ ಅಧ್ಯಯನದ ಕ್ರಮ ಸರಳವಾಗಿತ್ತು: ಸಿದ್ಧಾಂತ ಕಟ್ಟುವ ಮೊದಲು ಜನರನ್ನು ಕೂರಿಸಿಕೊಂಡು ಕೇಳುವುದು. ಬ್ಯಾಂಕ್, ಕ್ರೆಡಿಟ್ ಕಾರ್ಡ್, ಷೇರು ದಲ್ಲಾಳಿ ಸಂಸ್ಥೆ, ಉಪಕರಣಗಳ ದುರಸ್ತಿ, ಹೀಗೆ ನಾಲ್ಕು ಬಗೆಯ ಸೇವೆಗಳನ್ನು ಆರಿಸಿ, ಒಂದೊಂದಕ್ಕೂ ಮೂರರಂತೆ ಒಟ್ಟು 12 ಗ್ರಾಹಕ ಗುಂಪುಗಳೊಂದಿಗೆ ಮಾತುಕತೆ ನಡೆಸಿದರು. ಜೊತೆಗೆ ಆ ಕಂಪನಿಗಳ ಮೇಲಧಿಕಾರಿಗಳನ್ನೂ ಸಂದರ್ಶಿಸಿದರು. 1985ರಲ್ಲಿ ಪ್ರಕಟವಾದ ಅದರ ಫಲಿತಾಂಶವನ್ನು ಹೀಗೆ ಹೇಳಬಹುದು: ಗ್ರಾಹಕರು ಸೇವೆಯನ್ನು ಅದು ಹೇಗಿದೆ ಎಂಬುದರಿಂದಷ್ಟೇ ಅಳೆಯುವುದಿಲ್ಲ, ಹೇಗಿರಬೇಕೆಂದು ತಾವು ಎದುರುನೋಡಿದ್ದೆವೋ ಅದರ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ನಿರೀಕ್ಷೆಗೂ ಅನುಭವಕ್ಕೂ ನಡುವಿನ ಅಂತರವೇ ಗುಣಮಟ್ಟ.

ಆ ಅಂತರ ಹುಟ್ಟುವ ಜಾಗಗಳನ್ನೂ ಅವರು ಗುರುತಿಸಿದರು. ಗ್ರಾಹಕನಿಗೆ ಬೇಕಾದದ್ದೇನೆಂದು ಆಡಳಿತಕ್ಕೆ ತಿಳಿಯದಿರುವುದು ಮೊದಲನೆಯದು. ತಿಳಿದರೂ ಅದಕ್ಕೆ ತಕ್ಕ ನಿಯಮ ಮಾಡದಿರುವುದು ಎರಡನೆಯದು. ನಿಯಮವಿದ್ದರೂ ಕೆಲಸ ಮಾಡುವವರಿಂದ ಅದು ಜಾರಿಯಾಗದಿರುವುದು ಮೂರನೆಯದು. ಆಗುವುದಕ್ಕಿಂತ ಹೆಚ್ಚನ್ನು ಜಾಹೀರಾತಿನಲ್ಲಿ ಹೇಳಿಬಿಡುವುದು ನಾಲ್ಕನೆಯದು. ಗ್ರಾಹಕನಿಗೆ ಕೊನೆಯಲ್ಲಿ ಆಗುವ ನಿರಾಶೆ ಐದನೆಯ ಅಂತರ, ಅದು ಮೊದಲ ನಾಲ್ಕರ ಫಲ. ಈ ಚಿತ್ರಕ್ಕೆ ‘ಗ್ಯಾಪ್ಸ್ ಮಾಡೆಲ್’ ಎಂಬ ಹೆಸರು ಬಂತು. ಅಲ್ಲಿಯವರೆಗೆ ಸೇವೆ ಕೆಟ್ಟಿತೆಂದರೆ ಕೌಂಟರಿನಲ್ಲಿ ಕುಳಿತ ಗುಮಾಸ್ತನ ಮೇಲೆ ದೂರು ಹೊರಿಸುವುದು ರೂಢಿಯಾಗಿತ್ತು. ಹೆಚ್ಚಿನ ತಪ್ಪು ಗುಮಾಸ್ತನ ಬೆನ್ನ ಹಿಂದೆ, ಗ್ರಾಹಕನ ಕಣ್ಣಿಗೆ ಬೀಳದ ಮಹಡಿಯಲ್ಲಿ ನಡೆದಿರುತ್ತದೆ ಎಂದು ಈ ಚಿತ್ರ ತೋರಿಸಿತು. ಪರಶುರಾಮನ್ ಮತ್ತು ಸಂಗಡಿಗರ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಇದೇ.

ಇಪ್ಪತ್ತೆರಡು ಪ್ರಶ್ನೆಗಳು

1988ರಲ್ಲಿ ಜರ್ನಲ್ ಆಫ್ ರೀಟೇಲಿಂಗ್ ಪತ್ರಿಕೆಯಲ್ಲಿ ಈ ಅಂತರವನ್ನು ಅಳೆಯುವ ಸಾಧನ ಹೊರಬಂತು. 97 ಹೇಳಿಕೆಗಳಿಂದ ಶುರುಮಾಡಿ, ಸಮೀಕ್ಷೆಗಳ ಜರಡಿಯಲ್ಲಿ ಅವನ್ನು 34ಕ್ಕೆ, ಬಳಿಕ 22ಕ್ಕೆ ಇಳಿಸಿ ಉಳಿಸಿಕೊಂಡ ಪಟ್ಟಿಗೆ ‘ಸರ್ವ್‌ಕ್ವಾಲ್’ ಎಂದು ಹೆಸರಿಟ್ಟರು. ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ಒಳ್ಳೆಯ ಸಂಸ್ಥೆ ಹೇಗಿರಬೇಕು ಎಂಬುದಕ್ಕೆ ಒಂದು ಸುತ್ತು, ಈ ಸಂಸ್ಥೆ ಹೇಗಿದೆ ಎಂಬುದಕ್ಕೆ ಇನ್ನೊಂದು ಸುತ್ತು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಸಿಗುವುದೇ ಅಂತರ.

ಆ 22 ಹೇಳಿಕೆಗಳು ಐದು ಗುಣಗಳಡಿ ಬರುತ್ತವೆ. ಹೇಳಿದ್ದನ್ನು ಹೇಳಿದ ಹೊತ್ತಿಗೆ ತಪ್ಪಿಲ್ಲದೆ ಮಾಡುವ ವಿಶ್ವಾಸಾರ್ಹತೆ, ಕೇಳಿದಾಗ ತಡಮಾಡದ ಸ್ಪಂದನ, ಬಲ್ಲವರ ಕೈಯಲ್ಲಿದ್ದೇವೆಂಬ ಭರವಸೆ, ನಮ್ಮ ಕಷ್ಟ ಅವರಿಗೆ ಅರ್ಥವಾಗುತ್ತದೆಂಬ ಕಾಳಜಿ, ಮತ್ತು ಕಟ್ಟಡ, ಉಪಕರಣ, ಉಡುಪಿನಂತಹ ಕಣ್ಣಿಗೆ ಕಾಣುವ ಅಂಶಗಳು. 100 ಅಂಕಗಳನ್ನು ಈ ಐದಕ್ಕೆ ಹಂಚಿ ಎಂದು ದೊಡ್ಡ ಕಂಪನಿಗಳ ಗ್ರಾಹಕರನ್ನು ಕೇಳಿದಾಗ ವಿಶ್ವಾಸಾರ್ಹತೆಗೆ ಸರಾಸರಿ 32, ಸ್ಪಂದನಕ್ಕೆ 22, ಭರವಸೆಗೆ 19, ಕಾಳಜಿಗೆ 16, ಕಣ್ಣಿಗೆ ಕಾಣುವುದಕ್ಕೆ 11 ಬಂದವು. ಹೊಳೆಯುವ ನೆಲ, ಹೊಸ ಫಲಕಗಳಿಗೆ ಗ್ರಾಹಕ ಕೊಟ್ಟದ್ದು ಕೊನೆಯ ಜಾಗ; ಎಲ್ಲಕ್ಕಿಂತ ಮೇಲೆ ಇಟ್ಟದ್ದು ಕೊಟ್ಟ ಮಾತು ಉಳಿಸಿಕೊಳ್ಳುವುದನ್ನು.

1990ರ ದಶಕದ ಆರಂಭದಲ್ಲಿ ಈ ಮೂವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಗ್ರಾಹಕನ ನಿರೀಕ್ಷೆ ಒಂದೇ ಗೆರೆಯಲ್ಲ; ಆಗಲಿ ಎಂದು ಬಯಸುವ ಮೇಲಿನ ಮಟ್ಟವೊಂದು, ಇಷ್ಟಾದರೂ ಸಾಕು ಎನ್ನುವ ಕೆಳಗಿನ ಮಟ್ಟವೊಂದು ಇರುತ್ತದೆ. ಇವೆರಡರ ನಡುವೆ ಇರುವುದು ಸೈರಣೆಯ ವಲಯ. ನಗುಮುಖ, ವಾಹನದ ಅಂದಚಂದಗಳ ವಿಷಯದಲ್ಲಿ ಈ ವಲಯ ಅಗಲವಾಗಿರುತ್ತದೆ, ಮಾತು ಉಳಿಸಿಕೊಳ್ಳುವ ವಿಷಯದಲ್ಲಿ ಮಾತ್ರ ಬಹಳ ಇಕ್ಕಟ್ಟು. ಚಾಲಕ ನಗದಿದ್ದರೆ ಯಾರೂ ದೂರುವುದಿಲ್ಲ, ಬರುತ್ತೇನೆಂದು ಬಾರದಿದ್ದರೆ ಸಹಿಸುವುದಿಲ್ಲ.

ಅದೇ ಅಳತೆಗೋಲಿನಿಂದ ಆಟೊ ಸವಾರಿ

ಈಗ ಮೆಜೆಸ್ಟಿಕ್ಕಿನ ಆ ಪರದೆಗೆ ಹಿಂತಿರುಗೋಣ. ಭಕ್ಷೀಸು ಎಂಬುದು ಪರಶುರಾಮನ್ ಅವರ ಐದು ಗುಣಗಳಲ್ಲಿ ಸಾಮಾನ್ಯವಾಗಿ ಕಾಳಜಿ ಮತ್ತು ಸ್ಪಂದನಕ್ಕೆ ಸಲ್ಲುವ ಹಣ. ವಯಸ್ಸಾದವರ ಚೀಲವನ್ನು ಬಾಗಿಲವರೆಗೆ ತಂದಿಟ್ಟ ಚಾಲಕನಿಗೆ, ಕೇಳುವ ಮೊದಲೇ ಇನ್ನೊಂದು ಸೌಟು ಸಾಂಬಾರು ತಂದ ಸಪ್ಲೈಯರ್‌ಗೆ ಅದನ್ನು ಕೊಡುತ್ತೇವೆ. ನಿರೀಕ್ಷೆಗಿಂತ ಮೇಲೆ ಸಿಕ್ಕಿದ್ದಕ್ಕೆ ಕೊಡುವ ಹಣವಾದ್ದರಿಂದ ಅದು ಅನುಭವದ ನಂತರವೇ ಬರಬೇಕು. ಮುಂಗಡ ಟಿಪ್ಸ್ ಕೊಂಡುಕೊಳ್ಳುವುದು ಅದನ್ನಲ್ಲ. ಅದು ಕೊಂಡುಕೊಳ್ಳುವುದು ಆಟೊ ಬರುತ್ತದೆ ಎಂಬುದನ್ನು, ಅಂದರೆ ಸೇವೆಯ ಬುಡದಲ್ಲಿರುವ ವಿಶ್ವಾಸಾರ್ಹತೆಯನ್ನು. ಗ್ರಾಹಕನ ಲೆಕ್ಕದಲ್ಲಿ ಇದು ಬಾಡಿಗೆಯೊಳಗೇ ಇರಬೇಕಾದದ್ದು. ಸೈರಣೆ ಅತಿ ಇಕ್ಕಟ್ಟಾಗಿರುವ ಜಾಗದಲ್ಲಿಯೇ ಕೈಯೊಡ್ಡಿ ಹೆಚ್ಚುವರಿ ಕೇಳಿದಾಗ, ಇಪ್ಪತ್ತು ರೂಪಾಯಿಯೂ ಚುಚ್ಚುತ್ತದೆ.

ದುಪ್ಪಟ್ಟು ದರಕ್ಕೂ ಮುಂಗಡ ಟಿಪ್ಸಿಗೂ ಇರುವ ವ್ಯತ್ಯಾಸವೂ ಇಲ್ಲಿಂದಲೇ ಬಿಡಿಸಿಕೊಳ್ಳುತ್ತದೆ. ಬೇಡಿಕೆ ಹೆಚ್ಚಿದಾಗ ಏರುವ ದರ ಎಷ್ಟೇ ಕಹಿಯಾಗಿದ್ದರೂ ಅದು ಒಂದು ಬೆಲೆ. ಅದಕ್ಕೆ ಸರ್ಕಾರ ಹಾಕಿದ ಮೇಲ್ಮಿತಿಯಿದೆ. ಒಪ್ಪಿ ಬುಕ್ ಮಾಡಿದರೆ ಆ ದರಕ್ಕೆ ಸೇವೆ ಕೊಡುವೆನೆಂಬ ಮಾತು ಅದರೊಳಗಿದೆ. ಮುಂಗಡ ಟಿಪ್ಸಿನಲ್ಲಿ ಅಂತಹ ಮಾತಿಲ್ಲ. ಸೇರಿಸಿದರೆ ಚಾಲಕರು ಒಪ್ಪುವ ಸಾಧ್ಯತೆ ಹೆಚ್ಚು ಎಂದಷ್ಟೇ ಪರದೆ ಹೇಳುತ್ತದೆ. ಪಕ್ಕದಲ್ಲಿ ಕೊಡೆ ಹಿಡಿದು ನಿಂತವರು ಮೂವತ್ತು ಒತ್ತಿದರೆ ನಮ್ಮ ಇಪ್ಪತ್ತಕ್ಕೆ ಬೆಲೆ ಕಡಿಮೆಯಾಗುತ್ತದೆ, ಆದರೆ ಅವರು ಎಷ್ಟು ಒತ್ತಿದರೆಂದು ನಮಗೆ ಕಾಣುವುದಿಲ್ಲ. ಕೆಲಸದ ರೀತಿ ನೋಡಿದರೆ ಇದು ಹರಾಜು ಕೂಗು. ಹರಾಜಿಗೆ ಭಕ್ಷೀಸಿನ ಹೆಸರಿಟ್ಟದ್ದರಿಂದ ಗ್ರಾಹಕ ತಾನು ಉದಾರಿಯಾಗುತ್ತಿದ್ದೇನೋ ಪೈಪೋಟಿಗೆ ಇಳಿದಿದ್ದೇನೋ ತಿಳಿಯದೆ ಗುಂಡಿ ಒತ್ತುತ್ತಾನೆ. ಸರ್ಕಾರದ ಆಕ್ಷೇಪ ಈ ಹೆಸರಿನ ಮಟ್ಟಿಗೆ ಸರಿಯಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಗ್ರಾಹಕನ ಜೇಬಿಗೆ ಯಾವುದು ಹಗುರ ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ದುಪ್ಪಟ್ಟು ದರಕ್ಕಿಂತ ಇಪ್ಪತ್ತು ರೂಪಾಯಿ ಕೂಗು ಅಗ್ಗ. ಈ ವಿಷಯವನ್ನು ಬದಿಗೊತ್ತಿ ಟಿಪ್ಸನ್ನು ಮಾತ್ರ ಖಂಡಿಸುವುದು ಅರ್ಧ ನ್ಯಾಯವೇ ಸರಿ.

ಚಾಲಕನ ಕಡೆಯ ಲೆಕ್ಕ

ಚಾಲಕರ ವಾದ ಕೇಳದೆ ಈ ವಿಷಯವನ್ನು ಮುಗಿಸಲಾಗದು. ಬೆಂಗಳೂರಿನ ಆಟೊಗಳಿಗೆ 2021ರ ಡಿಸೆಂಬರಿನಿಂದ ಮೊದಲ ಎರಡು ಕಿಲೋಮೀಟರಿಗೆ 30 ರೂಪಾಯಿ, ನಂತರದ ಪ್ರತಿ ಕಿಲೋಮೀಟರಿಗೆ 15 ರೂಪಾಯಿ ದರವಿತ್ತು. ಅದು 36 ಮತ್ತು 18ಕ್ಕೆ ಏರಿದ್ದು 2025ರ ಆಗಸ್ಟ್ ಒಂದರಿಂದ. ನಡುವಿನ ಮೂರೂವರೆ ವರ್ಷಗಳಲ್ಲಿ ಆಟೊದ ಬಿಡಿಭಾಗ, ವಿಮೆ, ಮಕ್ಕಳ ಶಾಲೆಯ ಶುಲ್ಕ ಯಾವುದೂ ಹಾಗೆಯೇ ನಿಂತಿರಲಿಲ್ಲ. ‘ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್’ ಎಂಬ ಬೀದಿಬದಿಯ ಚೌಕಾಸಿ ಆ್ಯಪ್ ಬರುವ ಮೊದಲಿನದು. ಆ್ಯಪ್ ಅದನ್ನು ಗುಂಡಿಯಾಗಿ ಮಾಡಿತಷ್ಟೆ. ಸವಾರಿ ಹತ್ತಿಸಿಕೊಳ್ಳಲು ಎರಡು ಕಿಲೋಮೀಟರ್ ಖಾಲಿ ಓಡಿಸಿದ್ದಕ್ಕೆ ಮೀಟರಿನಲ್ಲಿ ಲೆಕ್ಕವಿಲ್ಲ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಕಡೆಗೆ ಹೋದರೆ ಹಿಂತಿರುಗಲು ಎಷ್ಟು ಹೊತ್ತಾಗುತ್ತದೆ ಎಂಬುದಕ್ಕೂ ಲೆಕ್ಕವಿಲ್ಲ. ಟಿಪ್ಸಿನ ಹಣ ಮಾತ್ರ ಪೂರ್ತಿಯಾಗಿ ತಮ್ಮ ಕೈಗೆ ಬರುತ್ತದೆ ಎಂಬುದು ಅವರ ಸಮರ್ಥನೆ.

1988ರಲ್ಲಿ ಈ ಮೂವರೇ ಪ್ರಕಟಿಸಿದ ಇನ್ನೊಂದು ಲೇಖನ ಇಲ್ಲಿ ನೆನಪಿಗೆ ತಕ್ಕದ್ದು. ಮೂರನೆಯ ಅಂತರ, ಅಂದರೆ ಕೆಲಸ ಮಾಡುವವರಿಂದ ಸೇವೆ ಸರಿಯಾಗಿ ಸಿಗದಿರುವುದು, ಯಾಕೆ ಹುಟ್ಟುತ್ತದೆ ಎಂದು ಅದರಲ್ಲಿ ಕಾರಣಗಳನ್ನು ಹುಡುಕಿದ್ದರು. ಕೆಲಸಗಾರನಿಗೆ ತನ್ನ ಕೆಲಸದ ಮೇಲೆ ಹಿಡಿತವಿದೆ ಎನಿಸದಿರುವುದು, ಆಡಳಿತ ಒಂದು ಕಡೆ ಎಳೆದರೆ ಗ್ರಾಹಕ ಇನ್ನೊಂದು ಕಡೆ ಎಳೆಯುವುದು, ಕೊಟ್ಟ ಸಾಧನ ಕೆಲಸಕ್ಕೆ ಹೊಂದದಿರುವುದು ಅವುಗಳಲ್ಲಿ ಮುಖ್ಯವಾದವು. ಆಟೊ ಚಾಲಕನಿಗೆ ದರ ಗೊತ್ತುಮಾಡುವ ಅಧಿಕಾರವಿಲ್ಲ, ಆ್ಯಪ್ ತೋರಿಸುವ ನಿಮಿಷಗಳನ್ನು ಬದಲಿಸುವ ಅಧಿಕಾರವೂ ಇಲ್ಲ. ಒಪ್ಪುವುದು ಅಥವಾ ಬಿಡುವುದು, ಇವೆರಡೇ ಅವನ ಕೈಯಲ್ಲಿರುವುದು. ಹಿಡಿತ ಉಳಿದಿರುವ ಆ ಒಂದೇ ಜಾಗದಲ್ಲಿ ಅವನು ಹೆಚ್ಚು ಸಿಗುವ ಸವಾರಿಗಾಗಿ ಕಾಯುವುದು ಸಹಜ. ಇದನ್ನು ದುರಾಸೆ ಎಂದು ಬೈದು ಮುಗಿಸುವವರು, ಗುಮಾಸ್ತನ ಮೇಲೆ ದೂರು ಹೊರಿಸುತ್ತಿದ್ದ ಹಳೆಯ ತಪ್ಪನ್ನೇ ಮತ್ತೆ ಮಾಡುತ್ತಿದ್ದಾರೆ.

ನಾಲ್ಕನೆಯ ಅಂತರವೂ ಇಲ್ಲಿದೆ. ಮೂರೇ ನಿಮಿಷದಲ್ಲಿ ಆಟೊ ಎಂದು ಆ್ಯಪ್ ತೋರಿಸಿದಾಗ ಆ ಮಾತು ಕೊಟ್ಟವರು ಕಂಪನಿಯವರು, ಉಳಿಸಿಕೊಳ್ಳಬೇಕಾದವನು ಚಾಲಕ. ಮಾತು ತಪ್ಪಿದಾಗ ಕಡಿಮೆ ರೇಟಿಂಗ್ ಬೀಳುವುದು ಮಾತ್ರ ಮಾತು ಕೊಡದವನಿಗೆ.

ಕಂಪನಿಗಳೂ ತಮ್ಮ ವಾದ ಮುಂದಿಡುತ್ತವೆ. ಉಬರ್ 2025ರ ಫೆಬ್ರುವರಿಯಲ್ಲಿ ಆಟೊಗಳಿಗೆ ಪ್ರತಿ ಸವಾರಿಯ ಕಮಿಷನ್ ಬಿಟ್ಟು, ಆ್ಯಪ್ ಬಳಸಲು ಚಾಲಕ ನಿಗದಿತ ಶುಲ್ಕ ಕಟ್ಟುವ ಚಂದಾ ಪದ್ಧತಿಗೆ ಬಂತು. ನಮ್ಮ ಯಾತ್ರಿ ಅದಕ್ಕೂ ಮೊದಲೇ ಆ ದಾರಿಯಲ್ಲಿತ್ತು. ಈ ಪದ್ಧತಿಯಲ್ಲಿ ಆ್ಯಪ್ ತನ್ನನ್ನು ಚಾಲಕನಿಗೂ ಸವಾರನಿಗೂ ಗಂಟು ಹಾಕಿಕೊಡುವ ವೇದಿಕೆ ಎಂದಷ್ಟೇ ಕರೆದುಕೊಳ್ಳುತ್ತದೆ. ದರ ಅವರಿಬ್ಬರ ನಡುವಿನದು, ಹೆಚ್ಚು ಕೊಡುವುದೂ ಅವರವರ ಇಷ್ಟ ಎನ್ನುವುದು ಇದರ ತಾತ್ಪರ್ಯ. ಈ ವಾದದಲ್ಲಿ ತೂಕವಿಲ್ಲದೆ ಇಲ್ಲ. ಆದರೆ ಗುಂಡಿಯ ಬಣ್ಣ, ಅದರ ಮೇಲಿನ ಮೊತ್ತ, ಅದು ಪರದೆಯ ಮೇಲೆ ಮೂಡುವ ಗಳಿಗೆ ಇವೆಲ್ಲವನ್ನೂ ತೀರ್ಮಾನಿಸುವವರು ವೇದಿಕೆಯವರೇ. ಪರದೆಯ ವಿನ್ಯಾಸದಿಂದ ಗ್ರಾಹಕನ ಆಯ್ಕೆಯನ್ನು ತಿರುಚುವ 13 ಬಗೆಯ ತಂತ್ರಗಳನ್ನು ನಿಷೇಧಿಸಿ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ತಂದದ್ದು ಇಂಥ ಸಂದರ್ಭಗಳಿಗಾಗಿಯೇ.

ಅಳತೆಗೋಲಿಗೂ ಆಕ್ಷೇಪ

ಪರಶುರಾಮನ್ ಅವರ ಸಾಧನವನ್ನು ಎಲ್ಲರೂ ತಲೆಬಾಗಿ ಒಪ್ಪಿಕೊಂಡರೆಂದು ಹೇಳಿದರೆ ತಪ್ಪಾಗುತ್ತದೆ. 1992ರಲ್ಲಿ ಕ್ರೋನಿನ್ ಮತ್ತು ಟೇಲರ್ ಎಂಬ ವಿದ್ವಾಂಸರು ನಿರೀಕ್ಷೆಯನ್ನು ಅಳೆಯುವ ಅಗತ್ಯವೇ ಇಲ್ಲ, ಅನುಭವವನ್ನಷ್ಟೇ ಅಳೆದರೆ ಸಾಕೆಂದು ವಾದಿಸಿ ‘ಸರ್ವ್‌ಪರ್ಫ್’ ಎಂಬ ಪರ್ಯಾಯವನ್ನು ಮುಂದಿಟ್ಟರು. ಎರಡು ಅಂಕಗಳನ್ನು ಕಳೆದು ಬರುವ ವ್ಯತ್ಯಾಸಕ್ಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಟ್ಟಿತನವಿಲ್ಲವೆಂದು ಇನ್ನು ಕೆಲವರು ತೋರಿಸಿದರು. ಐದು ಗುಣಗಳು ಎಲ್ಲ ಬಗೆಯ ಸೇವೆಗಳಲ್ಲೂ ಐದಾಗಿಯೇ ಉಳಿಯುವುದಿಲ್ಲ ಎಂಬ ದೂರೂ ಬಂತು. ಪರಶುರಾಮನ್ ಮತ್ತು ಸಂಗಡಿಗರು ಇವಕ್ಕೆ ಪತ್ರಿಕೆಗಳಲ್ಲೇ ಉತ್ತರ ಕೊಟ್ಟರು, ಪ್ರಶ್ನೆಗಳ ಮಾತನ್ನು ತಿದ್ದಿದರು. ಗ್ರಾಹಕನ ಒಟ್ಟಾರೆ ತೀರ್ಪು ಏನಾಗಬಹುದೆಂದು ಊಹಿಸಲು ಅನುಭವದ ಅಂಕವೊಂದೇ ಸಾಕಾಗಬಹುದು, ಆದರೆ ದೋಷ ಎಲ್ಲಿದೆಯೆಂದು ಕಂಡುಹಿಡಿಯಲು ಅಂತರದ ಅಳತೆಯೇ ಬೇಕು ಎಂಬುದು ಅವರ ಉತ್ತರದ ಸಾರ.

ಇಂದಿನ ಸಂದರ್ಭದಲ್ಲಿ ಇನ್ನೊಂದು ಕೊರತೆಯನ್ನೂ ಹೇಳಬೇಕು. ಗ್ಯಾಪ್ಸ್ ಮಾಡೆಲ್ ಬರೆದಾಗ ಸೇವೆ ಕೊಡುವುದು ಒಂದು ಸಂಸ್ಥೆ, ಅದರ ಕೆಲಸಗಾರರು ಅದರ ನೌಕರರು ಎಂಬ ಚಿತ್ರ ಕಣ್ಣ ಮುಂದಿತ್ತು. ಚಾಲಕ ನೌಕರನೂ ಅಲ್ಲದ, ಪೂರ್ತಿ ಸ್ವತಂತ್ರನೂ ಅಲ್ಲದ ಏರ್ಪಾಡು ಅದರಲ್ಲಿ ಇಲ್ಲ. ಮಾದರಿಯನ್ನು ಇಲ್ಲಿಗೆ ಹೊಂದಿಸುವಾಗ ಯಾರ ತಪ್ಪು ಎಂಬ ಪ್ರಶ್ನೆಗೆ ಅದು ಉತ್ತರಿಸುತ್ತದೆ, ಯಾರ ಹೊಣೆ ಎಂಬ ಪ್ರಶ್ನೆಯನ್ನು ಶಾಸನಕ್ಕೆ ಬಿಡುತ್ತದೆ.

ತಂತ್ರಜ್ಞಾನ ನಡುವೆ ಬಂದಾಗ

ಈ ಬದಲಾವಣೆಯ ಸುಳಿವು ಪರಶುರಾಮನ್ ಅವರಿಗೆ ಬೇಗನೆ ಸಿಕ್ಕಿತ್ತು. 1994ರಲ್ಲಿ ಮಯಾಮಿ ವಿಶ್ವವಿದ್ಯಾಲಯಕ್ಕೆ ಬಂದು, ಬರ್ಗರ್ ಕಿಂಗ್ ಸಂಸ್ಥಾಪಕರಲ್ಲೊಬ್ಬರಾದ ಜೇಮ್ಸ್ ಮೆಕ್‌ಲಮೋರ್ ಹೆಸರಿನ ಪ್ರಾಧ್ಯಾಪಕ ಪೀಠವನ್ನು ವಹಿಸಿಕೊಂಡ ಮೇಲೆ ಅವರ ಗಮನ ಯಂತ್ರದ ಮೂಲಕ ಸಿಗುವ ಸೇವೆಯ ಕಡೆ ಹೊರಳಿತು. ಕಂಪನಿ, ಕೆಲಸಗಾರ, ಗ್ರಾಹಕ ಎಂಬ ತ್ರಿಕೋನಕ್ಕೆ ತಂತ್ರಜ್ಞಾನವನ್ನು ನಾಲ್ಕನೆಯ ತುದಿಯಾಗಿ ಸೇರಿಸಿ ಅದನ್ನು ಪಿರಮಿಡ್ ಆಗಿ ನೋಡಬೇಕೆಂದರು. ಹೊಸ ತಂತ್ರಜ್ಞಾನವನ್ನು ಜನ ಎಷ್ಟರಮಟ್ಟಿಗೆ ಒಪ್ಪಿಕೊಳ್ಳುತ್ತಾರೆಂದು ತಿಳಿಯಲು 2000ದಲ್ಲಿ ರೂಪಿಸಿದ 36 ಹೇಳಿಕೆಗಳ ಸೂಚ್ಯಂಕದಲ್ಲಿ ಆಶಾವಾದ ಮತ್ತು ಹೊಸತನದ ಒಲವು ಮುಂದಕ್ಕೆ ತಳ್ಳುವ ಗುಣಗಳು; ಇರಿಸುಮುರಿಸು ಮತ್ತು ಅಭದ್ರತೆ ಹಿಂದಕ್ಕೆ ಎಳೆಯುವ ಗುಣಗಳು. 2015ರಲ್ಲಿ ಇದನ್ನು 16 ಹೇಳಿಕೆಗಳಿಗೆ ಇಳಿಸಿ ಹೊಸದಾಗಿಸಿದರು.

2005ರಲ್ಲಿ ಝೈಥಮಲ್ ಮತ್ತು ಮಲ್ಹೋತ್ರಾ ಅವರೊಂದಿಗೆ ಆನ್‌ಲೈನ್ ಅಂಗಡಿಗಳ ಗುಣಮಟ್ಟ ಅಳೆಯುವ ‘ಇ-ಎಸ್-ಕ್ವಾಲ್’ ತಂದಾಗಲೂ ಹಳೆಯ ಸತ್ಯ ಹೊಸ ಬಟ್ಟೆಯಲ್ಲಿ ಎದುರಾಯಿತು. ತಾಣ ಬಳಸಲು ಸಲೀಸಾಗಿರುವುದು ಮತ್ತು ಹೇಳಿದ ವಸ್ತು ಹೇಳಿದಂತೆ ಕೈಸೇರುವುದು, ಇವೆರಡೇ ಗ್ರಾಹಕನ ತೀರ್ಪನ್ನು ಹೆಚ್ಚಾಗಿ ನಿರ್ಧರಿಸುತ್ತಿದ್ದವು. ಸೇವೆ ಕೆಟ್ಟಾಗ ಏನಾಗಬೇಕು ಎಂಬುದಕ್ಕೆ ಅವರು ಬೇರೆಯೇ ಪಟ್ಟಿ ಮಾಡಿದರು. ಅದರಲ್ಲಿ ಸ್ಪಂದನ ಮತ್ತು ಸಂಪರ್ಕದ ಜೊತೆಗೆ ಪರಿಹಾರ ಕೊಡುವುದೂ ಒಂದು ಅಂಶವಾಗಿತ್ತು. ಮಾತು ತಪ್ಪಿದವರು ಹಣ ಕೊಡಬೇಕು ಎಂಬ ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂಗಡ ಟಿಪ್ಸಿನ ತಲೆಕೆಳಗಾದ ಸ್ವರೂಪ ಇನ್ನೂ ಸ್ಪಷ್ಟವಾಗುತ್ತದೆ. ಇಲ್ಲಿ ಮಾತು ಉಳಿಯಲೆಂದು ಹಣ ಕೊಡುವವನೇ ಗ್ರಾಹಕ.

ಈ ಹಣದ ಹರಿವನ್ನು ಎದುರು ದಿಕ್ಕಿಗೆ ತಿರುಗಿಸಿದ ಉದಾಹರಣೆ ಕರ್ನಾಟಕದಲ್ಲೇ ಇದೆ. 2012ರ ಏಪ್ರಿಲ್ ಎರಡರಂದು ರಾಜ್ಯವ್ಯಾಪಿಯಾಗಿ ಶುರುವಾದ ‘ಸಕಾಲ’ ಯೋಜನೆಯಡಿ ಜಾತಿ ಪ್ರಮಾಣಪತ್ರದಿಂದ ಹಿಡಿದು ಹಲವಾರು ಸರ್ಕಾರಿ ಸೇವೆಗಳಿಗೆ ದಿನಗಳ ಗಡುವು ಇದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಕೊಡಬೇಕೆಂದು ಶಾಸನ ಹೇಳುತ್ತದೆ. ಮೊತ್ತ ಅದೇ ಇಪ್ಪತ್ತು, ಅದು ಹೋಗುವ ದಾರಿ ಬೇರೆ.

ಮುಂದಿನ ಸಾಧ್ಯತೆಗಳು

ಟಿಪ್ಸ್ ಗುಂಡಿ ಸವಾರಿಯ ಕೊನೆಗೆ ಸರಿದರೆ ಭಕ್ಷೀಸಿಗೆ ಅದರ ಅರ್ಥ ಮರಳಿ ಬರುತ್ತದೆ, ಗೊಂದಲದ ಒಂದು ಎಳೆ ಕಡಿಯುತ್ತದೆ. ಆದರೆ ಸಂಜೆಯ ಮಳೆಯಲ್ಲಿ ಆಟೊ ಸಿಗುವುದಕ್ಕೆ ಅದರಿಂದ ಏನೂ ನೆರವಾಗದು. ಚಾಲಕನಿಗೆ ಆ ಸವಾರಿ ಮೊದಲೇ ಗಿಟ್ಟುತ್ತಿರಲಿಲ್ಲ, ಈಗಲೂ ಗಿಟ್ಟುವುದಿಲ್ಲ. ಆಗ ಮೂರು ಬಗೆಯ ಪರಿಣಾಮಗಳನ್ನು ನಿರೀಕ್ಷಿಸಬಹುದು. ಆ ಮೊತ್ತ ಪಿಕಪ್ ಶುಲ್ಕ, ಆದ್ಯತಾ ಶುಲ್ಕ ಎಂಬಂತಹ ಬೇರೆ ಹೆಸರಿನಲ್ಲಿ ಪರದೆಗೆ ಹಿಂತಿರುಗಬಹುದು. ಅಥವಾ ಆ್ಯಪಿನಲ್ಲಿ ಸವಾರಿ ಒಪ್ಪಿದ ಮೇಲೆ ಚಾಲಕ ಫೋನ್ ಮಾಡಿ ‘ಎಷ್ಟು ತೋರಿಸ್ತಿದೆ ಸಾರ್?’ ಎಂದು ಕೇಳುವ ಹಳೆಯ ಚೌಕಾಸಿ ಹೆಚ್ಚಬಹುದು. ಇಲ್ಲವೇ ಆ್ಯಪ್‌ಗಳು ಏರಿಕೆ ದರದ ಮಿತಿಯನ್ನು ಪೂರ್ತಿಯಾಗಿ ಬಳಸಿಕೊಂಡು, ಇಪ್ಪತ್ತು ರೂಪಾಯಿಯಲ್ಲಿ ಮುಗಿಯುತ್ತಿದ್ದುದು ನಲವತ್ತಕ್ಕೋ ಐವತ್ತಕ್ಕೋ ಹೋಗಬಹುದು.

ಜುಲೈ ತಿಂಗಳ ಮಾರ್ಗಸೂಚಿಯಲ್ಲಿ ಮೂಲ ಸಮಸ್ಯೆಯನ್ನು ಮುಟ್ಟುವ ಒಂದೆರಡು ಅಂಶಗಳೂ ಇವೆ. ಸಕಾರಣವಿಲ್ಲದೆ ಸವಾರಿ ರದ್ದು ಮಾಡಿದರೆ ದರದ ಶೇ 10ರಷ್ಟು, ಗರಿಷ್ಠ 100 ರೂಪಾಯಿವರೆಗೆ ದಂಡವಿದೆ, ಅದು ಚಾಲಕನಿಗೂ ಸವಾರನಿಗೂ ಅನ್ವಯಿಸುತ್ತದೆ. ಸ್ವಂತ ವಾಹನದ ಚಾಲಕನಿಗೆ ದರದ ಕನಿಷ್ಠ ಶೇ 80ರಷ್ಟು ಸಲ್ಲಬೇಕು. ಸವಾರನನ್ನು ಹತ್ತಿಸಿಕೊಳ್ಳಲು ಬರುವ ಖಾಲಿ ಓಟಕ್ಕೆ, ಕೆಲವು ಸಂದರ್ಭಗಳನ್ನು ಬಿಟ್ಟರೆ, ಸವಾರನಿಂದ ಹಣ ಪಡೆಯುವಂತಿಲ್ಲ. ಈ ಕೊನೆಯ ನಿಯಮ ಸವಾರನನ್ನು ಕಾಪಾಡುತ್ತದೆ. ಖಾಲಿ ಓಟದ ಗ್ಯಾಸಿನ ಖರ್ಚನ್ನು ಮಾತ್ರ ಚಾಲಕನ ತಲೆಯ ಮೇಲೆಯೇ ಬಿಡುತ್ತದೆ. ಮೂಲದರ ನಿಗದಿ ಮಾಡುವ ಅಧಿಕಾರ ರಾಜ್ಯ ಸರ್ಕಾರದ್ದು. ಮುಂದಿನ ದರ ಪರಿಷ್ಕರಣೆಯಲ್ಲಿ ಈ ಖಾಲಿ ಕಿಲೋಮೀಟರುಗಳು ಮೀಟರಿನ ದರದೊಳಗೆ ಸೇರುತ್ತವೆಯೇ, ಆ್ಯಪ್‌ಗಳು ಅದರಲ್ಲಿ ಪಾಲು ಹೊರುತ್ತವೆಯೇ ಎಂಬುದರ ಮೇಲೆ, ಟಿಪ್ಸ್ ಗುಂಡಿ ಹೋದ ಜಾಗದಲ್ಲಿ ಏನು ಬಂದು ಕೂರುತ್ತದೆ ಎಂಬುದು ನಿಂತಿದೆ.